ಕೆಂಗೇರಿಗೆ ಒಯ್ದ ಹೊಕ್ಕುಳ ಬಳ್ಳಿ

ಮೂಡಲಪಾಳ್ಯದಿಂದ ಬೆಳಿಗ್ಗೆ ತಿಂಡಿಗೂ ಮೊದಲೇ ಹೊರಟೆವು: ನಾನು, ನಮ್ಮ ಯಜಮಾನರು, ನಮ್ಮತ್ತೆ. ಯುಗಾದಿಗೆ ಮುಂಚೆ ಯಜಮಾನರಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಸ್ಟೆಂಟ್ ಹಾಕಿದರು, ಪ್ರಾಣ ಉಳಿಯಿತು. ಆದರೆ ಹೃದಯದ ಒಂದು ಭಾಗ ಸತ್ತಿದೆ, ಇನ್ನು ಮಾತ್ರೆಯಲ್ಲೇ ಬದುಕಬೇಕು ಎಂದರು. ಕೆಂಗೇರಿಯ ಕ್ಲಿನಿಕ್ಕೊಂದರಲ್ಲಿ ಸ್ಟೆಮ್ ಸೆಲ್ ಎಂಬ ಜೀವಕೋಶ ಚುಚ್ಚಿ ಆ ಭಾಗವನ್ನು ಮತ್ತೆ ಬೆಳೆಸುತ್ತಾರೆಂದು ಫೋನಿನಲ್ಲಿ ವಿಡಿಯೋ ನೋಡಿದ್ದೇ ತಡ, ಅತ್ತೆ ಹಟ ಹಿಡಿದರು. ಅದಿನ್ನೂ ಪರೀಕ್ಷೆಯ ಹಂತದಲ್ಲಿದೆ ಎಂದು ಸ್ಟೆಂಟ್ ಹಾಕಿದ ಡಾಕ್ಟರು ಹೇಳಿದ್ದರು. ಆಸೆ ಕೇಳಬೇಕಲ್ಲ, ನಾನೂ ಹೊರಟೆ.

ನಾಯಂಡಹಳ್ಳಿಯವರೆಗೆ ಆಟೋ. ಮೀಟರ್ ಹಾಕದ ಆಸಾಮಿ ನೂರೈವತ್ತು ಪೀಕಿದ, ಒಂದು ಹೊಂಡವನ್ನೂ ಬಿಡಲಿಲ್ಲ. ಮೆಟ್ರೋ ತಣ್ಣಗಿತ್ತು. ಅತ್ತೆ ಸೆರಗಿನ ಗಂಟು ಬಿಚ್ಚಿ ಬೆಳ್ಳಿ ತಾಯಿತವೊಂದನ್ನು ತೋರಿಸಿದರು. ಮಗುವಿನ ಹೊಕ್ಕುಳ ಬಳ್ಳಿ ಒಣಗಿ ಉದುರಿದಾಗ ಅದನ್ನು ತಾಯಿತದೊಳಗೆ ಹಾಕಿ ಉಡಿದಾರಕ್ಕೆ ಕಟ್ಟುವುದು ನಮ್ಮಲ್ಲಿ ರೂಢಿ. ಮಗನದನ್ನು ಐವತ್ತು ಚಿಲ್ಲರೆ ವರ್ಷ ದೇವರ ಗೂಡಿನಲ್ಲಿ ಕಾಪಾಡಿದ್ದರು.

"ಆ ಸೆಲ್ಲು ಬಳ್ಳೀಲೇ ಇರೋದಂತೆ ಕಣೇ. ಮನೇಲೇ ಇಟ್ಕೊಂಡು ಒದ್ದಾಡ್ತಿದ್ವಲ್ಲ!" ಎಂದರು. ಆ ಮುಖ ನೋಡಿ, ಇಲ್ಲವೆಂದು ಡಾಕ್ಟರೇ ಹೇಳಲಿ ಎಂದು ತಲೆಯಾಡಿಸಿದೆ.

ಕೆಂಗೇರಿಯಲ್ಲಿ ಇಡ್ಲಿ ತಿಂದೆವು, ಚಟ್ನಿ ಹಳಸಿತ್ತು. ಕ್ಲಿನಿಕ್ ಇದ್ದದ್ದು ಎರಡನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿತ್ತು. ಹೃದಯದ ರೋಗಿಗಳನ್ನು ಮೆಟ್ಟಿಲು ಹತ್ತಿಸುವ ಘನಂದಾರಿ ಆಸ್ಪತ್ರೆ! ಯಜಮಾನರು ನಡುವೆ ಕೂತು ಕೂತು ಹತ್ತಿದರು.

ತಾಯಿತ ನೋಡಿ ಡಾಕ್ಟರು ನಗಲಿಲ್ಲ. ನಕ್ಕಿದ್ದರೆ ಕೈ ಮುಗಿಯುತ್ತಿದ್ದೆ. "ಸೂಪರ್ ಅಜ್ಜಿ! ಇದ್ರಿಂದ್ಲೇ ಸೆಲ್ ತೆಗೆದು ಇಂಜೆಕ್ಟ್ ಮಾಡ್ತೀವಿ. ಹಾರ್ಟ್ ಹೊಸದಾಗತ್ತೆ, ಮಾತ್ರೆನೂ ಬೇಡ," ಎಂದ ಪುಣ್ಯಾತ್ಮ.

ನನ್ನ ಮೈ ಉರಿದುಹೋಯಿತು. "ಒಣಗಿ ಕಡ್ಡಿಯಾಗಿರೋದ್ರಲ್ಲಿ ಜೀವ ಎಲ್ಲಿರತ್ತೆ ಸಾರ್? ಯಾರ ಕಿವಿ ಮೇಲೆ ಹೂವ ಇಡ್ತೀರ?" ಎಂದು ಕೂಗಾಡಿ ಇಬ್ಬರನ್ನೂ ಎಬ್ಬಿಸಿಕೊಂಡು ಬಂದೆ.

ಹೊರಗೆ ಬಿಸಿಲು ಸುಡುತ್ತಿತ್ತು. ವಾಪಸ್ ಮೆಟ್ರೋದಲ್ಲಿ ಅತ್ತೆ ನಮ್ಮನ್ನು ಬಿಟ್ಟು ಎದುರಿಗೆ ಕೂತರು. "ನನ್ ಮಗಂಗೇನಾದ್ರೂ ಆದ್ರೆ ನೀನೇ ಕಾರಣ," ಎಂದರು, ಸುತ್ತಲಿನವರಿಗೆಲ್ಲ ಕೇಳುವ ಹಾಗೆ. ಸುಳ್ಳು ಹೇಳಿದವನು ದೇವರಾದ, ನಾನು ಮಾರಿಯಾದೆ.

"ರೀ, ನಾನ್ ಮಾಡಿದ್ದು ತಪ್ಪಾ?" ಎಂದು ಕೇಳಿದೆ. ಯಜಮಾನರು ಕಿಟಕಿಯಾಚೆ ನೋಡುತ್ತಿದ್ದರು. ಜ್ಞಾನಭಾರತಿ ಸ್ಟೇಷನ್ ದಾಟಿತು.

"ತಪ್ಪಲ್ಲ. ಅವ್ನು ಸುಳ್ಳು ಹೇಳ್ತಿದಾನೆ ಅಂತ ನಂಗೂ ಗೊತ್ತಾಯ್ತು," ಎಂದರು. "ಕೇಳೋಕೆ ಹಿತವಾಗಿತ್ತು, ಇನ್ನೊಂಚೂರು ಹೇಳ್ಲಿ ಅಂತ ಕೂತಿದ್ದೆ ಕಣೇ."