ಮೊದಲು ಮಾಲಕ, ಆಮೇಲೆ ನಾವು

ದ್ರೌಪತಕ್ಕನ ಬಗ್ಗೆ ಯಾರಾದರೂ ನನ್ನ ಮುಂದೆ ‘ಆ ಹೆಂಗಸಿಗೆ ಬಾಯಿ ಜಾಸ್ತಿ’ ಅಂದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಬಾಯಿ ಜಾಸ್ತಿಯೇ, ಇಲ್ಲ ಅನ್ನುವುದಿಲ್ಲ. ಆ ಬಾಯಿಂದ ನನ್ನಷ್ಟು ಬೈಸಿಕೊಂಡವರು ನಮ್ಮೂರು ರಾಜೇಶ್ವರದಲ್ಲಿ ಇನ್ನೊಬ್ಬರಿಲ್ಲ. ನಾನು ಸರ್ಫರಾಜ್, ಟಂಟಂ ಎನ್ನುವ ಮೂರು ಗಾಲಿಯ ಗಾಡಿ ಓಡಿಸುವವನು. ಬೆಳಿಗ್ಗೆ ಕೂಲಿ ಹೆಂಗಸರನ್ನು ಹೊಲಕ್ಕೆ ಮುಟ್ಟಿಸುವುದು, ಸಂಜೆ ಮನೆಗೆ ತಂದು ಬಿಡುವುದು ನನ್ನ ಕೆಲಸ. ನನ್ನ ಗಾಡಿಗೆ ಅವಳು ಕೋಳಿಬುಟ್ಟಿ ಎಂದು ಹೆಸರಿಟ್ಟಿದ್ದಾಳೆ. ಇಡಲಿ, ಆ ಹಕ್ಕು ಅವಳಿಗಿದೆ. ಊರವರಿಗಿಲ್ಲ.

ಅವಳದೊಂದು ಹೆಂಗಸರ ಗುಂಪು. ಕಬ್ಬಿನ ರವದಿ, ಅಂದರೆ ಒಣ ಎಲೆ ಸುಲಿಯುವ ಕೆಲಸಕ್ಕೆ ಹಳ್ಳಿಖೇಡದ ದಾರಿಯ ಹೊಲಗಳವರೆಗೂ ಅವಳನ್ನೇ ಕರೆಯುತ್ತಾರೆ. ಕೈ ಚುರುಕು, ಕೆಲಸ ಚೊಕ್ಕ. ಆದರೆ ಒಂದು ಕರಾರು. ಹೊಲದ ಮಾಲಕ ಮೊದಲು ಕಬ್ಬಿನೊಳಗೆ ಹೊಕ್ಕು, ಈ ತುದಿಯಿಂದ ಆ ತುದಿಗೆ ತನ್ನ ಕಾಲಲ್ಲೇ ನಡೆದು ಬರಬೇಕು. ಅಲ್ಲಿಯವರೆಗೆ ಒಬ್ಬ ಹೆಣ್ಣುಮಗಳೂ ಬದು ದಾಟುವುದಿಲ್ಲ. ಆಳನ್ನು ಕಳಿಸುತ್ತೇನೆ ಅಂದರೆ ಬೇಡ. ಸೊಂಟ ನೋವು ಅಂದರೆ ನಾಳೆ ಬರುತ್ತೇವೆ. ಮಾಲಕ ಎದ್ದು, ಮುಖ ತೊಳೆದು, ಚಹಾ ಕುಡಿದು, ಆಕಳಿಸುತ್ತ ಬರುವವರೆಗೆ ನನ್ನ ಎರಡನೇ ಸವಾರಿ ಮಣ್ಣುಪಾಲು. ನಾನು ಗೊಣಗಿದರೆ, ‘ಅವಸರ ಇದ್ರ ನೀನೇ ಮುಂದ ನಡಿಯೋ’ ಎನ್ನುತ್ತಿದ್ದಳು.

ಯಾಕೆ ಈ ಕರಾರು ಎಂದರೆ ಅವಳ ಗಂಡ ದತ್ತಾತ್ರಿಯನ್ನು ನೋಡಬೇಕು. ಮೊದಲು ಇಬ್ಬರೂ ಜೋಡಿಯಾಗಿ ಕೆಲಸಕ್ಕೆ ಬರುತ್ತಿದ್ದರು. ಒಂದು ದಿನ ಎರಡು ಹೊಲಗಳ ನಡುವಿನ ಬದುವಿನ ಹತ್ತಿರ ಯಾರೋ ಬೆಳೆ ತಿನ್ನುವ ಕಾಡುಹಂದಿಗೆಂದು ಗಾವಠಿ ಬಂದೂಕು ಕಟ್ಟಿಟ್ಟಿದ್ದರು. ಗಾವಠಿ ಎಂದರೆ ಲೈಸೆನ್ಸು ಇಲ್ಲದೆ ಕದ್ದು ಮಾಡಿಸಿದ್ದು. ತಾಗಿದರೆ ಗುಂಡು ಹಾರುವಂತೆ ಅಡ್ಡ ಎಳೆದ ದಾರಕ್ಕೆ ಹಂದಿಯ ಕಾಲು ತಾಗಬೇಕಿತ್ತು, ದತ್ತಾತ್ರಿಯ ಕಾಲು ತಾಗಿತು. ನನ್ನ ಗಾಡಿಯಲ್ಲೇ ಅವನನ್ನು ಬಸವಕಲ್ಯಾಣದ ದವಾಖಾನೆಗೆ ಒಯ್ದದ್ದು. ಮೊಣಕಾಲ ಕೆಳಗೆ ಕತ್ತರಿಸಿದರು. ಪೊಲೀಸರು ಬಂದು ಕೇಳಿದಾಗ ಆ ಕಡೆಯ ಮಾಲಕ, ‘ಬದುವಿನ್ಯಾಗ ಯಾರೋ ಒಗದ ಹೋಗ್ಯಾರ, ನಮ್ಮದಲ್ಲ’ ಅಂದ. ಈ ಕಡೆಯವನೂ ಅದನ್ನೇ ಅಂದ. ಬಂದೂಕು ಯಾರದೂ ಅಲ್ಲದ್ದಾಯಿತು. ಅಂದಿನಿಂದ ದತ್ತಾತ್ರಿ ಮನೆ ಮುಂದಿನ ಬೇವಿನ ಮರದ ಕೆಳಗೆ ಕೂತು ಹಗ್ಗ ಹೊಸೆಯುತ್ತಾನೆ. ಅವನಿಗೆ ಕಾಲು ಹೋದದ್ದಕ್ಕಿಂತ ಹೋಗಿದ್ದು ಯಾರಿಂದ ಎಂದು ತಿಳಿಯದ ಸಂಕಟವೇ ದೊಡ್ಡದು. ದಾರಿಯಲ್ಲಿ ಹೋಗುವ ಒಬ್ಬೊಬ್ಬರ ಮುಖವನ್ನೂ ‘ನೀನೇನೋ?’ ಎಂಬಂತೆ ನೋಡುತ್ತಿದ್ದ. ನನ್ನನ್ನೂ ಹಾಗೇ ನೋಡಿದ್ದುಂಟು.

ಚುನಾವಣೆ ಬಂತೆಂದರೆ ನನ್ನ ಗಾಡಿಯೊಳಗೆ ಬಂದೂಕಿನದೇ ಮಾತು. ಲೈಸೆನ್ಸಿನ ಬಂದೂಕು ಇದ್ದವರೆಲ್ಲ ಅದನ್ನು ಠಾಣೆಗೆ ಒಯ್ದು ಇಡಬೇಕಲ್ಲ, ಸಾವುಕಾರರು ಅದನ್ನು ಕೂಸಿನ ಹಾಗೆ ಬಟ್ಟೆಯಲ್ಲಿ ಸುತ್ತಿಕೊಂಡು ಹುಮನಾಬಾದಿಗೆ ಹೊರಡುವುದನ್ನು ನೋಡಿ ಹೆಂಗಸರು ನಗುತ್ತಿದ್ದರು. ಗುಂಪಿನಲ್ಲಿ ಎಲ್ಲರಿಗಿಂತ ಬಿಸಿರಕ್ತದ ವಿಶಾಖಾ ಒಮ್ಮೆ ಕೇಳಿದಳು.

“ಅಕ್ಕಾ, ಅವರ ಕಡಿ ಬಂದೂಕ ಅವ. ನಮ್ಮ ಕಡಿ ಏನದ? ಕಳಿ ತೆಗಿಯೂ ಕುರ್ಪಿ! ಸರ್ಕಾರ ನಮಗೂ ಒಂದೊಂದ ಕೊಡ್ಲಿ.”

“ಕೊಟ್ರ ಎಲ್ಲಿ ಇಡ್ತಿ? ಹಿಟ್ಟಿನ ಡಬ್ಬಿ ಮ್ಯಾಗೇನು?” ಅಂದಳು ದ್ರೌಪತಕ್ಕ. “ಸಿಟ್ಟ ಬಂದಾಗ ನಿನ್ನ ಗಂಡನ ಕೈಗಿ ಲಟ್ಟಣಿಗಿ ಸಿಕ್ರ ಹಣಿಗಿ ಒಂದ್ ಬಾವು ಬರ್ತದ. ಬಂದೂಕ ಸಿಕ್ರ?”

ನಾನು ಸುಮ್ಮನಿರಬೇಕಿತ್ತು, ಆದರೆ ಅದೇ ವಾರ ಪೊಲೀಸರು ನನ್ನನ್ನು ಹಿಡಿದು ದಂಡ ಹಾಕಿದ್ದರು. “ಸರ್ಕಾರ ಸರ್ಕಾರ ಅಂತೀರಲ್ಲಾ, ಸರ್ಕಾರ ಅಂದ್ರ ಕಾಗದ ತೋರ್ಸು, ರೊಕ್ಕ ಕಟ್ಟು, ಇಷ್ಟೇ. ಬಡವರ ಜೀವಾ ತಿನ್ನೂದ ಬಿಟ್ಟು ಇನ್ನೇನ ಮಾಡ್ತದ?” ಎಂದೆ.

“ಬಿಡೋ ಮಾರಾಯಾ. ಈ ಕೋಳಿಬುಟ್ಟಿಗೂ ಸರ್ಕಾರ ಒಂದ್ ನಂಬರ ಕೊಟ್ಟದ. ನಾಳೆ ನೀ ಯಾರ ಮ್ಯಾಗರ ಗಾಡಿ ಹಾಯಿಸಿದ್ರ ಆ ನಂಬರ ನೋಡಿ ನಿನ್ನ ಕೊಳ್ಳಪಟ್ಟಿ ಹಿಡಿತಾರ. ನನ್ನ ಗಂಡನ ಕಾಲ ತಿಂದದ್ದಕ್ಕ ನಂಬರ ಇರಲಿಲ್ಲ. ಅದಕ್ಕ ಯಾರ ಕೊಳ್ಳಪಟ್ಟಿನೂ ನನ್ನ ಕೈಗಿ ಸಿಗಲಿಲ್ಲ.”

ನಾನು ಗೇರು ಬದಲಿಸಿ ರಸ್ತೆ ನೋಡಿದೆ.

ಅವಳ ಕರಾರನ್ನು ನಗುನಗುತ್ತ ಒಪ್ಪಿಕೊಂಡವರೆಂದರೆ ಗುರುಲಿಂಗಪ್ಪ ಸಾವುಕಾರರು. ಹಣೆ ತುಂಬ ವಿಭೂತಿ, ಇರುವೆ ತುಳಿದರೂ ‘ಶಿವಶಿವ’ ಅನ್ನುವ ಮನುಷ್ಯ. ಅಪ್ಪನ ಕಾಲದಿಂದ ಮನೆಯಲ್ಲಿ ಲೈಸೆನ್ಸಿನ ಬಂದೂಕು ಇದ್ದರೂ ಅದರಿಂದ ಒಂದು ಗುಬ್ಬಿಯನ್ನೂ ಕೊಂದವರಲ್ಲ. ಹಂದಿ ಬಂದರೆ ಆಕಾಶಕ್ಕೆ ಒಂದು ಢಂ, ಅಷ್ಟೇ. ಕಬ್ಬಿನೊಳಗೆ ನಡೆದು ಹೊರಬಂದು, ಹೆಂಗಸರಿಗೆ ಮಜ್ಜಿಗೆ ಕೊಡಿಸಿ, ತಮ್ಮ ಗೋಳು ಹೇಳಿಕೊಳ್ಳುತ್ತಿದ್ದರು.

“ಬಂದೂಕ ಠಾಣಿಗಿ ಹೋದ ದಿನಾನೇ ಹಂದಿಗಿ ಹ್ಯಾಂಗ ಗೊತ್ತಾಗ್ತದೋ ಏನೋ ತಂಗಿ, ಹಿಂಡಗಟ್ಟಲೆ ಬರ್ತಾವ. ಸರ್ಕಾರ ನನಗ ಹಂದಿ ಹೊಡಿಬ್ಯಾಡ ಅಂತದ. ಹಂದಿಗಿ ನನ್ನ ಕಬ್ಬ ತಿನಬ್ಯಾಡ ಅಂತ ಹೇಳ್ತದೇನು?”

“ಅದು ಖರೇ ಅದ್ರಿ ಸಾವ್ಕಾರ್ರ” ಎಂದು ದ್ರೌಪತಕ್ಕ ಒಪ್ಪಿಕೊಂಡಳು. “ಬಂದೂಕ ಕಸಗೊಂಡ ಮ್ಯಾಲ ಬೆಳಿ ಕಾಯೂದೂ ಸರ್ಕಾರದ್ದೇ ಕೆಲಸ. ಅದನ್ನ ಕೇಳಾಕ ಹೋಗ್ರಿ, ನಾನೂ ಬರ್ತೀನಿ, ಜೋರ ಮಾಡಿ ಕೇಳೋಣ. ಆದ್ರ ಬಂದೂಕ ಕಟ್ಟಿ ಮನಿಗಿ ಹೋಗಿ ಮಲಗೂ ಕೆಲಸ ಮಾತ್ರ ಯಾರೂ ಮಾಡಬಾರದು.”

“ಛೇ ಛೇ, ನಮ್ಮ ಹೊಲದಾಗ ಅಂಥಾದ್ದೆಲ್ಲಿ?” ಅಂದರು ಸಾವುಕಾರರು. ಮನಸ್ಸಿನಿಂದಲೇ ಅಂದಿದ್ದರು.

ಕಳೆದ ಚುನಾವಣೆಯ ಹೊತ್ತಿನ ಮಾತಿದು. ಗುರುಲಿಂಗಪ್ಪನವರ ಹೊಲಕ್ಕೆ ನಾವು ಹೋಗಬೇಕಾಗಿದ್ದದ್ದು ಶುಕ್ರವಾರ. ಇನ್ನೊಂದು ಕಡೆಯ ಕೆಲಸ ತಪ್ಪಿತೆಂದು ದ್ರೌಪತಕ್ಕ ಫೋನು ಮಾಡಿ ಗುರುವಾರವೇ ಬರುತ್ತೇವೆ ಅಂದಳು, ಅವರು ಬರ್ರಿ ಅಂದರು. ಅವರ ಮಗ ಬಸವಕಿರಣ ಕಬ್ಬು ಕಡಿಯುವ ಪಾಳಿ ಕೇಳಲು ಬೆಳಿಗ್ಗೆಯೇ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಹೋಗಿದ್ದ. ಅವನಿಗೆ ದಿನ ಬದಲಾದದ್ದು ಗೊತ್ತಿರಲಿಲ್ಲ.

ಸಾವುಕಾರರು ಎಂದಿನಂತೆ ಧೋತರ ಮೇಲೆತ್ತಿ ಕಟ್ಟಿ, ‘ನಡೀತೀನವ್ವಾ ನಡೀತೀನಿ’ ಎಂದು ನಗುತ್ತ ಕಬ್ಬಿನೊಳಗೆ ಹೋದರು. ಹೆಂಗಸರು ಬದುವಿನ ಮೇಲೆ ಕೂತು ಎಲೆ ಅಡಿಕೆ ಬಿಚ್ಚಿದರು. ಆಗ ಬಸವಕಿರಣನ ಮೋಟರ್‌ಸೈಕಲ್ಲು ಬಂತು. ನನ್ನ ಗಾಡಿ ಕಂಡದ್ದೇ ಅವನ ಮುಖದ ನೆತ್ತರು ಇಳಿದುಹೋಯಿತು.

“ಅಪ್ಪ ಎಲ್ಲಿ?”

“ಒಳಗ ನಡಿಯಾಕ ಹೋಗ್ಯಾರ” ಎಂದೆ.

ಅವನು ಮೋಟರ್‌ಸೈಕಲ್ಲನ್ನು ಅಲ್ಲೇ ನೆಲಕ್ಕೆ ಕೆಡವಿ ಕಬ್ಬಿನೊಳಗೆ ನುಗ್ಗಿದ. “ಅಪ್ಪಾ! ನಿಲ್ರಿ! ಕಾಲ ಎತ್ತಬ್ಯಾಡ್ರಿ ಅಪ್ಪಾ!” ಎಂಥ ಚೀರಾಟ ಅದು! ಯಾ ಅಲ್ಲಾ!

ಒಳಗಿಂದ ಸಾವುಕಾರರ ದನಿ ಬಂತು. “ಯಾಕೋ? ಹಾವೇನು?”

ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ದ್ರೌಪತಕ್ಕ ಎದ್ದು ನಿಂತಿದ್ದಳು. ಅಪ್ಪ ಮಗ ಹೊರಗೆ ಬಂದಾಗ ಬಸವಕಿರಣನ ಕೈಯಲ್ಲಿ ತುಕ್ಕು ಹಿಡಿದ ಕೊಳವೆಯಂಥದೊಂದು ಬಂದೂಕಿತ್ತು, ಮದ್ದು ತೆಗೆದಿದ್ದ. ನಿಮ್ಮ ಬಂದೂಕು ಠಾಣೆಯಲ್ಲಿದೆ, ಹಂದಿಗಳು ಹೊಲ ಹಾಳು ಮಾಡುತ್ತಿವೆ, ಅದಕ್ಕೇ ಕದ್ದು ಮಾಡಿಸಿ ತಂದೆ, ನಾಳೆ ಹೆಂಗಸರು ಬರುವುದರೊಳಗೆ ಬಿಚ್ಚುತ್ತಿದ್ದೆ ಎಂದು ತೊದಲಿದ. ಎರಡು ಮಕ್ಕಳ ತಂದೆಯಾದ ಮಗನ ಕಪಾಳಕ್ಕೆ ಸಾವುಕಾರರು ಬಾರಿಸಿದರು. ಬಾರಿಸಿ ಅಲ್ಲೇ ನೆಲಕ್ಕೆ ಕುಸಿದು ಕೂತರು. ಹೆಂಗಸರನ್ನು ಒಬ್ಬೊಬ್ಬರಾಗಿ ನೋಡಿದರು.

“ನಾ ಮುಂದ ಹೋಗದೆ ನಿಮಗ ಬಿಟ್ಟಿದ್ರ...” ಅಂದರು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಮಾತ್ರ ಅಪ್ಪನ ಜೀವ ಮಗನ ಕಡೆ ಎಳೆಯಿತು. “ತಂಗಿ, ಇದನ್ನ ಬಾವ್ಯಾಗ ಒಗದ ಬಿಡ್ತೀನಿ. ಯಾರಿಗೂ ಹೇಳಬ್ಯಾಡ್ರಿ. ಕೈ ಮುಗೀತೀನಿ. ಇಂವ ಜೇಲಿಗಿ ಹೋದ್ರ ಸೊಸಿ, ಮಕ್ಕಳು...”

“ಬಾವ್ಯಾಗ ಒಗದ್ರ ಅದು ಯಾರದೂ ಅಲ್ಲಂದಂಗ ಆಗ್ತದ್ರಿ” ಅಂದಳು ದ್ರೌಪತಕ್ಕ. “ನಾ ಪೊಲೀಸ್ರಿಗಿ ಫೋನ ಮಾಡಂಗಿಲ್ಲ. ನೀವೇ ಒಯ್ದು ಕೊಡ್ರಿ. ಕೊಡಲಿಲ್ಲಂದ್ರ ನಿಮ್ಮ ಹೊಲಕ್ಕ ಇನ್ನ ಒಬ್ಬ ಹೆಣ್ಮಗಳೂ ಕಾಲ ಇಡಂಗಿಲ್ಲ.”

ವಿಶಾಖಾ ಮಾತ್ರ ಹಲ್ಲು ಕಡಿದು, ಈಗಲೇ ಫೋನು ಮಾಡು ಅಕ್ಕಾ ಅನ್ನುತ್ತಿದ್ದಳು. ಅಕ್ಕ ಕಣ್ಣಲ್ಲೇ ಗದರಿಸಿದಳು.

ಅಪ್ಪ, ಮಗ, ದ್ರೌಪತಕ್ಕ ಮೂವರೂ ಹುಮನಾಬಾದಿಗೆ ಹೊರಟದ್ದು ನನ್ನ ಕೋಳಿಬುಟ್ಟಿಯಲ್ಲಿ. ಆ ದರಿದ್ರ ವಸ್ತುವನ್ನು ಗೋಣಿಚೀಲದಲ್ಲಿ ಸುತ್ತಿ ನನ್ನ ಸೀಟಿನ ಹಿಂದೆಯೇ ಇಟ್ಟರು. ತೌಬಾ ತೌಬಾ, ದಾರಿಯ ಒಂದೊಂದು ತಗ್ಗಿಗೂ ನನ್ನ ಬೆನ್ನು ಸೆಟೆಯುತ್ತಿತ್ತು. ಮದ್ದು ತೆಗೆದಿದೆ ಎಂದು ಗೊತ್ತಿದ್ದರೂ ಹೆದರಿಕೆ ಹೋಗಬೇಕಲ್ಲ.

ಠಾಣೆಯಲ್ಲಿ ಸಾಹೇಬರು ಚೀಲ ಬಿಚ್ಚಿ ನೋಡಿ, “ಯಾರದಿದು?” ಅಂದರು.

ಸಾವುಕಾರರು ಮಗನ ಮುಂದೆ ಬಂದು ನಿಂತರು. “ಬದುವಿನ್ಯಾಗ ಸಿಕ್ತ್ರಿ ಸಾಹೇಬ್ರ. ಯಾರೋ ಒಗದ ಹೋಗ್ಯಾರ.”

ನಾನು ದ್ರೌಪತಕ್ಕನ ಮುಖ ನೋಡಿದೆ. ಅಂದು ಗಂಡನ ಕಾಲು ಹೋದಾಗ ಕೇಳಿದ ಅದೇ ಮಾತು. ಅವಳು ಜಗಳಕ್ಕೆ ನಿಲ್ಲುತ್ತಾಳೆ, ಠಾಣೆ ಎದ್ದು ಕುಣಿಯುವ ಹಾಗೆ ಬಾಯಿ ಮಾಡುತ್ತಾಳೆ ಅಂದುಕೊಂಡೆ. ಮಾಡಲಿಲ್ಲ. ಸೆರಗು ತಲೆ ಮೇಲೆ ಎಳೆದುಕೊಂಡು ಬಾಗಿಲ ಕಡೆ ನಡೆದಳು. ಅಂಥ ಬಾಯಿಯ ಹೆಂಗಸು ಹಾಗೆ ಸುಮ್ಮನೆ ನಡೆದುಹೋಗುವುದನ್ನು ನನಗೆ ನೋಡಲಾಗಲಿಲ್ಲ.

“ನಂದ್ರಿ ಸಾಹೇಬ್ರ.”

ಬಸವಕಿರಣ ಅಂದದ್ದು. “ನಮ್ಮಪ್ಪಗ ಗೊತ್ತಿಲ್ಲ. ನಾನೇ ಮಾಡಿಸಿದ್ದು, ನಾನೇ ಕಟ್ಟಿದ್ದು. ನಂದೇ.”

ಸಾವುಕಾರರು ಅಂಗೈಯಿಂದ ಮುಖ ಮುಚ್ಚಿಕೊಂಡರು. ದ್ರೌಪತಕ್ಕ ಹೊಸ್ತಿಲಲ್ಲಿ ನಿಂತಳು, ತಿರುಗಿ ಬಂದಳು. “ಸಾಹೇಬ್ರ, ಇದನ್ನೂ ಬರ್ಕೊಳ್ರಿ. ಓಡಿ ಬಂದು ತಡದಾಂವನೂ ಇಂವನೇ” ಎಂದಳು. ಆಮೇಲೆ ಬೆಂಚಿನ ಮೇಲೆ ಕೂತು ಗಳಗಳ ಅತ್ತಳು. ನಾನು ನೀರು ತಂದುಕೊಟ್ಟೆ.

ಬಸವಕಿರಣ ಒಳಗೆ ಹೋದ, ಜಾಮೀನಿನ ಮೇಲೆ ಹೊರಬಂದ. ಕೇಸು ಇನ್ನೂ ನಡೆದಿದೆ. ಪ್ರತಿ ತಾರೀಖಿಗೂ ಹೋಗುತ್ತಾನೆ. ಒಳ್ಳೆಯ ಮನೆತನದ ಹುಡುಗನನ್ನು ಕಟಕಟೆ ಹತ್ತಿಸಿದಳೆಂದು ಜನ ಆಡಿಕೊಳ್ಳುತ್ತಾರೆ, ಬಾಯಿ ಜಾಸ್ತಿ ಅನ್ನುವುದು ಅದಕ್ಕೇ. ಅಂದು ಠಾಣೆಯಲ್ಲಿ ಅವಳ ಬಾಯಿಂದ ಹೊರಟ ಮಾತು ಎಷ್ಟು ಎಂದು ನಾನು ಬಲ್ಲೆ. ಗುರುಲಿಂಗಪ್ಪನವರ ಹೊಲಕ್ಕೆ ನಾವು ಈಗಲೂ ಹೋಗುತ್ತೇವೆ. ಈಗ ಮುಂದೆ ನಡೆಯುವವನು ಬಸವಕಿರಣ.

ಆ ದಿನ ಸಂಜೆ ಅವಳನ್ನು ಮನೆಗೆ ಬಿಡಲು ಹೋದಾಗ ದತ್ತಾತ್ರಿ ಬೇವಿನ ಮರದ ಕೆಳಗೆ ಹಗ್ಗ ಹೊಸೆಯುತ್ತಿದ್ದ. ಅವಳು ಅವನ ಪಕ್ಕ ಕೂತು ನಡೆದದ್ದೆಲ್ಲ ಹೇಳಿದಳು. ಅವನ ಕೈ ನಿಂತಿತು.

“ನಂದು ಅಂದನಾ? ಅವನಷ್ಟಕ್ಕ ಅವನೇ?”

“ಅಂದ. ಎಲ್ಲರ ಮುಂದ.”

ದತ್ತಾತ್ರಿ ರಸ್ತೆ ನೋಡಿದ. ಜನ ಹೋಗುತ್ತಿದ್ದರು, ಬರುತ್ತಿದ್ದರು. ಕಣ್ಣೊರೆಸಿಕೊಂಡು, “ನನ್ನ ಕಾಲ ಕಳದಾಂವನೂ ಅಷ್ಟ ಅಂದಿದ್ರ ಸಾಕಿತ್ತು” ಅಂದ. “ನಾ ಅವತ್ತೇ ಮಾಫ ಮಾಡಿಬಿಡ್ತಿದ್ದೆ.”