ಎಡಗಿವಿಯ ಗುರುತು

ಕಳೆದ ವರ್ಷ ಜನವರಿಯ ಕೊನೆಯ ಭಾನುವಾರ ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹನ್ನೊಂದು ಬೀದಿನಾಯಿಗಳನ್ನು ಹಿಡಿದು ಬೀದರ್‌ಗೆ ತರಲಾಯಿತು. ಸಂತಾನಹರಣ ಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಶುಕ್ರವಾರ ಅದೇ ಹಳ್ಳಿಯಲ್ಲಿ ಬಿಡಲಾಯಿತು. ಹನ್ನೊಂದಕ್ಕೂ ಎಡಗಿವಿಯ ತುದಿಯಲ್ಲಿ ಮೂರು ಮೂಲೆಯ ಒಂದು ಸಣ್ಣ ಕಚ್ಚು ಹಾಕಲಾಗಿತ್ತು.

ಊರು ಠಾಣಾ ಕುಶನೂರ ದಾಟಿದ ಮೇಲೆ ಸಿಗುತ್ತದೆ. ನಾವು ಹೋದದ್ದು ಮೂವರು. ಒಬ್ಬರು ಬೀದರ್‌ನ ನಿವೃತ್ತ ಪಶುವೈದ್ಯರು. ಇನ್ನೊಬ್ಬರು ಭಾಲ್ಕಿಯ ಶಾಲಾ ಶಿಕ್ಷಕಿ. ತವರಿನವರ ಪಿಕಪ್ ವಾಹನವನ್ನು ಅವರೇ ಓಡಿಸುತ್ತಾರೆ, ನಾಯಿಗೆ ಬಲೆ ಬೀಸುವುದೂ ಅವರೇ. ನಾನು ಪತ್ರಿಕೆಯ ಸಂಪಾದಕೀಯ ವಿಭಾಗದವನು, ಭಾನುವಾರ ರಜೆ. ನನ್ನ ಪಾಲಿಗೆ ಬಂದದ್ದು ವಹಿ. ನಾಯಿಯ ಬಣ್ಣ, ಗಂಡೋ ಹೆಣ್ಣೋ, ಹಿಡಿದ ಜಾಗ, ಮಾಲೀಕರು. ಕೊನೆಯ ಕಾಲಮಿನಲ್ಲಿ ಹನ್ನೊಂದು ಸಲವೂ ‘ಇಲ್ಲ’ ಎಂದು ಬರೆದವನು ನಾನೇ.

ಅಂದು ಶಿಕ್ಷಕಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಒಂದು ಗಂಟೆ ಅಲೆದರು. ಒಂದು ನಾಯಿಯೂ ಹತ್ತಿರ ಬರಲಿಲ್ಲ. ಊರಿನ ಅಂಚಿನ ಮನೆಯ ಮುಂದೆ ಕುಳಿತು ನೋಡುತ್ತಿದ್ದ ಒಬ್ಬ ಹಿರಿಯ ಹೆಂಗಸು ನಕ್ಕರು. ಕುರಿ ಸಾಕುವ ಮನೆತನ. ಊರೆಲ್ಲ ಅವರನ್ನು ಆಯಿ ಎಂದು ಕರೆಯುತ್ತದೆ.

“ಬಾಯಾರ, ನಮ್ಮೂರ ನಾಯಿ ಬಿಸ್ಕೀಟಿಗಿ ಬರಲ್ರಿ,” ಎಂದು ಒಳಗೆ ಹೋಗಿ, ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿಯ ಬುಟ್ಟಿ ತಂದಿಟ್ಟರು. ಮಧ್ಯಾಹ್ನದೊಳಗೆ ಪಂಜರಗಳು ತುಂಬಿದವು. ಹೊರಡುವಾಗ ಆಯಿ ಕೈಬೀಸಿ ಕಳಿಸಿದರು. ಕಿವಿ ಕತ್ತರಿಸುವ ವಿಷಯ ನಾವು ಅವರಿಗೆ ಹೇಳಿರಲಿಲ್ಲ.

ನಾಯಿಗಳನ್ನು ಬಿಟ್ಟ ಮೂರನೆಯ ದಿನ, ಭಾನುವಾರ, ಗಾಯ ಮಾಗುತ್ತಿದೆಯೇ ನೋಡಲು ಮತ್ತೆ ಹೋದೆವು. ವಾಹನ ನಿಲ್ಲುವ ಮೊದಲೇ ಆಯಿ ದಾರಿಗೆ ಅಡ್ಡ ನಿಂತಿದ್ದರು. ಒಂದು ಕೈಯಲ್ಲಿ ಟಗರಿನ ಹಗ್ಗ, ಇನ್ನೊಂದು ಕೈಯ ಬೆರಳುಗಳ ನಡುವೆ ಅದರ ಎಡಗಿವಿ. ಟಗರಿನ ಕಿವಿಯ ತುದಿಯಲ್ಲಿ ಮೂರು ಮೂಲೆಯ ಕಚ್ಚು. ನಮ್ಮ ನಾಯಿಗಳದ್ದೂ ಅದೇ.

“ನಾಯಿ ಕಿವಿ ಹೀಂಗ ಯಾರ ಕೊಯ್ದಾರ್ರಿ?”

“ಡಾಕ್ಟರ್ರೀ ಆಯಿ,” ಎಂದರು ಶಿಕ್ಷಕಿ. “ಆಪರೇಶನ್ ಆಗ್ಯಾದ ಅಂತ ದೂರಿಂದ ಗೊತ್ತಾಗ್ಬೇಕಲ್ರಿ. ಇಲ್ಲಂದ್ರ ಮತ್ತ ಅದನ್ನೇ ಹಿಡ್ಕೊಂಡು ಹೋಗ್ತೇವಿ.”

“ಗೊತ್ತಾಗ್ಲಿ, ನಾ ಬ್ಯಾಡಂದೀನೇನು? ಆದ್ರ ನಂದೇ ಗುರುತು ಯಾಕ ಹಾಕೀರಿ? ಇದು ನಮ್ಮ ಮಾವನ ಕಾಲದ್ದು ಅದ.”

ಆ ಭಾಗದಲ್ಲಿ ಕುರಿ ಸಾಕುವ ಒಂದೊಂದು ಮನೆತನಕ್ಕೆ ಒಂದೊಂದು ಕಿವಿಗುರುತು. ಒಬ್ಬರದು ಬಲಗಿವಿಗೆ ಸೀಳು, ಇನ್ನೊಬ್ಬರದು ಎರಡು ಕಿವಿಗೂ ಸೀಳು. ಹಿಂಡುಗಳು ಬಯಲಿನಲ್ಲಿ ಬೆರೆತುಹೋದರೂ ಸಂಜೆ ಕಿವಿ ನೋಡಿ ಬೇರೆ ಮಾಡುತ್ತಾರೆ, ಮಾತು ಬೆಳೆಯುವುದಿಲ್ಲ. ಎಡಗಿವಿಯ ಮೂರು ಮೂಲೆಯ ಕಚ್ಚು ಆಯಿಯ ಮನೆಯದು.

ವೈದ್ಯರು ಸಮಾಧಾನ ಮಾಡಲು ನೋಡಿದರು. “ನಿಮ್ಮೂರಾಗ ಅಷ್ಟೇ ಅಲ್ರಿ ಆಯಿ, ಬ್ಯಾರೆ ಊರಾಗೂ ಹೀಂಗೇ ಕೊಯ್ತೇವ್ರಿ.”

“ಕೊಯ್ರಿ ಡಾಕ್ಟರ್ ಸಾಬ್. ಬ್ಯಾರೆ ಊರಾಗ ನನ್ನ ಕುರಿ ಇಲ್ಲ.”

ಶುಕ್ರವಾರದಿಂದ ಆಯಿಯ ಅಂಗಳಕ್ಕೆ ದೂರು ಬರತೊಡಗಿದ್ದವು. ಯಾರದೋ ಹೊಸ ಚಪ್ಪಲಿ ಹೋಗಿತ್ತು. ಯಾರದೋ ಹೊಲದ ಬುತ್ತಿ ಖಾಲಿಯಾಗಿತ್ತು. ಬಸ್ ನಿಲ್ಲುವ ಜಾಗದಲ್ಲಿ ಚಹಾ ಮಾರುವಾತನ ಹುಂಜ ಕಾಣೆಯಾಗಿ, ನಾಲ್ಕು ಗರಿ ಮಾತ್ರ ಉಳಿದಿದ್ದವು. ಆ ನಾಯಿಗಳು ಯಾರವೂ ಅಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಆದರೆ ಇಷ್ಟು ವರ್ಷ ಅವುಗಳ ಮೇಲೆ ದೂರು ಕೊಡಲು ಒಡೆಯರು ಇರಲಿಲ್ಲ, ಈಗ ಸಿಕ್ಕಿದ್ದರು. ಅರ್ಧ ಕೋಪ, ಅರ್ಧ ಚೇಷ್ಟೆ.

ಆಯಿಯ ಮಟ್ಟಿಗೆ ಅದು ಚೇಷ್ಟೆಯಾಗಿರಲಿಲ್ಲ. ನಾಯಿಗಳು ತಮ್ಮವೆಂದರೆ ಅವುಗಳ ಕಾಟಕ್ಕೆಲ್ಲ ತಾವು ಹೊಣೆ. ತಮ್ಮವಲ್ಲ ಎಂದರೆ, ಗುರುತಿದ್ದೂ ತಮ್ಮದಲ್ಲದ ಪ್ರಾಣಿ ಊರಿನಲ್ಲಿದೆ ಎಂದು ತಾವೇ ಒಪ್ಪಿಕೊಂಡಂತೆ. ನಾಳೆ ಬಯಲಿನಲ್ಲಿ ಯಾರಾದರೂ ಅವರ ಕುರಿಯನ್ನೇ ಹಿಡಿದು “ಗುರುತಿದ್ದರೇನು?” ಎಂದು ಕೇಳಬಹುದು.

ತಪ್ಪು ನಮ್ಮದು. ವೈದ್ಯರು ಒಂದು ದಾರಿ ಸೂಚಿಸಿದರು: ನಾಯಿಗಳನ್ನು ಮತ್ತೆ ಹಿಡಿದು, ಕಚ್ಚಿನ ಪಕ್ಕ ಇನ್ನೊಂದು ಕಚ್ಚು ಹಾಕಿದರೆ ಗುರುತು ಬೇರೆಯಾಗುತ್ತದೆ.

ಆಯಿ ಅವರನ್ನು ಮೇಲಿಂದ ಕೆಳಗೆ ನೋಡಿದರು. “ಮತ್ತ ಕೊಯ್ತೀರಿ? ಮೂಕ ಪ್ರಾಣಿ ಏನು ಕೊತ್ತಂಬರಿ ಕಟ್ಟೇನ್ರಿ?”

ಅಂದು ಮಧ್ಯಾಹ್ನವೇ ಬೇವಿನ ಕಟ್ಟೆಯ ಮೇಲೆ ಪಂಚಾಯಿತಿ ಸೇರಿತು. ನಮ್ಮ ಮೂವರನ್ನೂ ಕೂರಿಸಿಕೊಂಡರು. ಚಹಾದಂಗಡಿಯಾತ ನಾಲ್ಕು ಗರಿಗಳನ್ನು ಕಾಗದದಲ್ಲಿ ಸುತ್ತಿ ತಂದಿದ್ದ.

“ಆಯಿ, ನಿನ್ನ ನಾಯಿ ನನ್ನ ಹುಂಜ ತಿಂದದ ನೋಡು. ಊರಿಗೆಲ್ಲ ಎಬ್ಬಿಸ್ತಿದ್ದ ಹುಂಜ.”

“ಅದಕ್ಕೇ ಏನು, ಎರಡು ದಿನ ಆತು ನೀ ಅಂಗಡಿ ಲೇಟ್ ತೆಗೀಲತ್ತಿ?” ಎಂದು ಹಿಂದಿನಿಂದ ಯಾರೋ ಕೂಗಿದರು.

ಕಟ್ಟೆಯ ಹಿರಿಯರು ನಗು ನಿಲ್ಲುವ ತನಕ ಕಾದು ಕೇಳಿದರು. “ಒಂದೇ ಮಾತು ಹೇಳ್ರಿ ಆಯಿ. ಹನ್ನೊಂದೂ ನಿಮ್ಮವೇನು, ಅಲ್ಲೇನು? ನಿಮ್ಮವಲ್ಲಂದ್ರ ಇವತ್ತೇ ಗಾಡಿಗಿ ಹಾಕಿ ಗಡಿ ದಾಟ್ಸಿ ಬಿಡ್ತೇವಿ.”

ಶಿಕ್ಷಕಿ ಎದ್ದು ನಿಂತರು. ಲಸಿಕೆ ಹಾಕಿದ ನಾಯಿಗಳು ಹೋದರೆ ಲಸಿಕೆ ಇಲ್ಲದ ಹೊಸವು ಬಂದು ಕೂರುತ್ತವೆ ಎಂಬುದನ್ನು ವಿವರಿಸಲು ಬಾಯಿ ತೆರೆದರು. ಆಯಿ ಕೈ ತೋರಿಸಿ ಕೂರಿಸಿದರು.

“ನಮ್ಮ ಮಾವನ ಗುರುತು ಅದ. ನಂದಲ್ಲ ಅಂತ ಹ್ಯಾಂಗ ಅನ್ಲಿ? ಹನ್ನೊಂದೂ ನನ್ನವೇ.”

ಹಿಂದೆ ನಿಂತಿದ್ದವರು ಮುಂದೆ ಸರಿದು ಬಂದರು.

“ಈಗ ನಾ ಕೇಳ್ತೇನಿ,” ಎಂದರು ಆಯಿ. “ನನ್ನ ಕುರಿ ನಿಮ್ಮ ಹೊಲ ಹೊಕ್ರ ನೀವೇನು ಮಾಡ್ತೀರಿ?”

“ಹಿಡ್ಕೊಂಡು ಬರ್ತೇವಿ.”

“ಬರೀ ಬಾಯಿಲೆ ಹೇಳಿದ್ರ?”

ಹಿರಿಯರು ಗಡ್ಡ ಕೆರೆದುಕೊಂಡರು. ಊರಿನ ಹಳೆಯ ಕಟ್ಟಳೆ ಎಲ್ಲರಿಗೂ ಗೊತ್ತಿದ್ದದ್ದೇ. ಬೆಳೆ ಮೇಯ್ದ ಕುರಿಯನ್ನು ಹಿಡಿದು, ಕಟ್ಟೆಗೆ ತಂದು, ಕಿವಿ ತೋರಿಸಬೇಕು. ಪ್ರಾಣಿ ಕೈಯಲ್ಲಿಲ್ಲದಿದ್ದರೆ ದೂರೂ ಇಲ್ಲ.

“ಹಂಗಾದ್ರ ತರ್ರಿ,” ಎಂದು ಆಯಿ ಕಟ್ಟೆಯ ಮೇಲೆ ಕಾಲು ಮಡಿಚಿ ಕುಳಿತರು. “ತಿಂದದ್ದನ್ನ ಹಿಡಿದು ತರ್ರಿ. ಕಿವಿ ನೋಡ್ತೇನಿ, ಒಪ್ಕೋತೇನಿ.”

ಚಪ್ಪಲಿ ಕಳೆದುಕೊಂಡವರು ಕೆಲಸ ನೆನಪಾಗಿ ಎದ್ದುಹೋದರು. ಬುತ್ತಿಯವರು ಬುತ್ತಿಗೆ ಇರುವೆ ಹತ್ತಿದ್ದೂ ಇರಬಹುದು ಎಂದರು. ಚಹಾದಂಗಡಿಯಾತ ಮಾತ್ರ ಟವೆಲ್ ಕೊಡವಿ ಎದ್ದ. “ತರ್ತೇನಿ. ನಾಯಿ ಏನು ಹುಲಿ ಅಲ್ಲಲ್ಲ.”

ಅರ್ಧ ಗಂಟೆ ಕಳೆಯಿತು. ಬಸ್ ನಿಲ್ಲುವ ಜಾಗದ ಕಡೆಯಿಂದ ಕೋಳಿಗಳ ಕೂಗು, ಪಾತ್ರೆ ಬಿದ್ದ ಸದ್ದು, ಬೈಗುಳ ಕೇಳಿದವು. ಆಮೇಲೆ ಆತ ಬಂದ. ಟವೆಲ್ಲಿನಲ್ಲಿ ಸುತ್ತಿದ ಒಂದು ಕಂದು ನಾಯಿ ಎದೆಗೊರಗಿ, ಆತನ ಗದ್ದ ನೆಕ್ಕುತ್ತಿತ್ತು.

“ಕೋಳಿ ಬುಟ್ಟಿ ಒಳಗ ಮೂತಿ ಹಾಕಿದಾಗೇ ಹಿಡದೀನಿ! ನೋಡ್ರಿ ಈಗ ಕಿವಿ!”

ಆಯಿ ನೋಡಿದರು. ಎಡಗಿವಿ ನೋಡಿದರು, ಬಲಗಿವಿ ನೋಡಿದರು. ಎರಡೂ ಇಡಿಯಾಗಿದ್ದವು.

ನಾನು ವಹಿ ತೆರೆದೆ. ಬಾಲದ ತುದಿ ಬಿಳಿಯಿರುವ ಕಂದು ನಾಯಿ ಹನ್ನೊಂದರಲ್ಲಿ ಇರಲಿಲ್ಲ. ಶಿಕ್ಷಕಿ ಹಣೆ ಹಿಡಿದುಕೊಂಡರು. “ಕಾಕಾ, ಅವತ್ತು ನಿಮ್ಮ ಅಂಗಡಿ ಬೆಂಚಿನ ಬುಡಕ್ಕ ಮಲಗಿದ್ದು ಇದೇ ಅಲ್ರಿ? ನೀವು ಸಾಕಿದ ನಾಯಿ ಅಂತ ಬಿಟ್ಟೆ.”

“ನನ್ನದಲ್ರಿ ಬಾಯಾರ. ಮಲಗ್ತದ ಖರೆ. ನಾ ಬಾ ಅಂದಿಲ್ಲ.”

“ದಿನಾ ಮುಂಜಾನಿ ಟೋಸ್ಟ್ ಯಾರ ಹಾಕ್ತಾರೋ?” ಎಂದು ಹಿಂದಿನ ಅದೇ ದನಿ ಕೇಳಿತು. ಈ ಸಲ ಹಿರಿಯರೂ ನಕ್ಕರು.

ಆಯಿ ತೀರ್ಪು ಹೇಳಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. “ಗುರುತಿದ್ದದ್ದು ನಂದು. ಗುರುತಿಲ್ಲದ್ದು ಹಿಡಿದವಂದು. ದಾರಿ ತಪ್ಪಿದ ಕುರಿಮರಿಗೂ ಇದೇ ಅದ. ತಮ್ಮಾ, ನಿನ್ನ ನಾಯಿ ನಿನ್ನ ಹುಂಜ ತಿಂದ್ರ ನಾ ಏನು ಮಾಡ್ಲಿ?”

ಆತ ನಾಯಿಯನ್ನು ಕೆಳಗಿಡಲು ನೋಡಿದ. ಅದು ಇಳಿಯಲಿಲ್ಲ.

ಅಂದು ಸಂಜೆ ಕಂದು ನಾಯಿ ನಮ್ಮ ಪಿಕಪ್‌ನಲ್ಲಿ ಬೀದರ್‌ಗೆ ಬಂತು. ಹೊರಡುವ ಮೊದಲು ಆಯಿ ವೈದ್ಯರ ಕಡೆ ಬೆರಳು ಮಾಡಿ, “ಬಲಗಿವಿರಿ ಸಾಬ್, ಬಲಗಿವಿ” ಎಂದರು. ತಮ್ಮೂರಿನಲ್ಲಿ ಬಲಗಿವಿಗೆ ಸೀಳು ಹಾಕುವವರು ಯಾರೂ ಇಲ್ಲ, ಅದು ಪಕ್ಕದೂರಿನವರದು ಎಂಬುದನ್ನೂ ಸೇರಿಸಿದರು. ಪಕ್ಕದೂರಿನವರ ಗುರುತೂ ಆಗಬಾರದೆಂದು ವೈದ್ಯರು ಸೀಳೂ ಅಲ್ಲದೆ ಕಚ್ಚೂ ಅಲ್ಲದೆ ಬಲಗಿವಿಯ ತುದಿಯನ್ನು ನೇರವಾಗಿ ಕತ್ತರಿಸಿದರು.

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ತಿದ್ದುಪಡಿಯನ್ನು ಅದೇ ಪುಟದಲ್ಲಿ ಹಾಕಬೇಕೆಂಬ ನಿಯಮವಿದೆ. ಕಟ್ಟೆಯಿಂದ ಏಳುವ ಮೊದಲೇ ವಹಿಯ ಅದೇ ಪುಟದಲ್ಲಿ, ಮಾಲೀಕರ ಕಾಲಮಿನ ಹನ್ನೊಂದು ‘ಇಲ್ಲ’ಗಳಿಗೆ ಗೆರೆ ಎಳೆದಿದ್ದೆ. ಪಕ್ಕದಲ್ಲಿ ಆಯಿ ಹನ್ನೊಂದು ಸಲ ಹೆಬ್ಬೆಟ್ಟು ಒತ್ತಿದರು. ಹನ್ನೆರಡನೆಯ ಸಾಲಿನಲ್ಲಿ ಚಹಾದಂಗಡಿಯಾತನ ಸಹಿ ಇದೆ.

ಈಗ ವಹಿಯಲ್ಲಿ ಒಂದು ಕಾಲಮು ಹೆಚ್ಚಾಗಿದೆ: ಊರಿನ ಕುರಿಗಳ ಕಿವಿಗುರುತು. ಭಾಲ್ಕಿ ತಾಲ್ಲೂಕಿನ ಮೆಹಕರಕ್ಕೆ ಹೋದಾಗ ಮೊದಲ ದಿನ ಪಂಜರ ಇಳಿಸಲೇ ಇಲ್ಲ. ಕುರಿಹಟ್ಟಿಗಳಿಗೆ ಹೋಗಿ, ಕಿವಿಗಳ ಚಿತ್ರ ಬರೆದುಕೊಂಡು ಬಂದೆವು.

ಕಳೆದ ತಿಂಗಳು ಮರುಲಸಿಕೆಗೆ ಆಯಿಯ ಊರಿಗೆ ಹೋಗಿದ್ದೆವು. ಹನ್ನೊಂದೂ ಮಜ್ಜಿಗೆ ರೊಟ್ಟಿಗೆ ಬಂದವು. ಹನ್ನೆರಡನೆಯದು ಬರಲಿಲ್ಲ. ಅದು ಚಹಾದಂಗಡಿಯ ಪಕ್ಕ, ಕೋಳಿ ಬುಟ್ಟಿಗೆ ಬೆನ್ನು ಒರಗಿಸಿ ಮಲಗಿತ್ತು. ಬುಟ್ಟಿಯೊಳಗೆ ಹೊಸ ಹುಂಜವಿತ್ತು.