ವಾರ್ತೆಗೆ ಆಗದ ಸ್ಪೀಕರ್

ಗೆಳೆಯರೇ, ಒಂದು ವರ್ಷದಿಂದ ಮುಚ್ಚಿಟ್ಟಿದ್ದನ್ನು ಹೇಳಿಬಿಡುತ್ತೇನೆ. ನಾನು ಕೆಲಸ ಮಾಡುತ್ತಿದ್ದ ರಾಜಾಜಿನಗರದ ಅಂಗಡಿಯಲ್ಲಿ ವೈರ್‌ಲೆಸ್ ಸ್ಪೀಕರ್ ತೋರಿಸುವಾಗ ಎಲ್ಲರಿಗೂ ಒಂದೇ ತಮಟೆ ಹಾಡು ಹಾಕುತ್ತಿದ್ದೆವು. ಆ ಹಾಡಿಗೆ ಎಂಥ ಡಬ್ಬವೂ ಗುಡುಗುತ್ತದೆ. ಅದನ್ನು ಕೇಳಿ ಸ್ಪೀಕರ್ ಕೊಂಡವರು ನಿಮ್ಮಲ್ಲೂ ಇದ್ದಾರೆ.

ಇಂದು ಬಂದ ಆಂಟಿಯೊಬ್ಬರು ತಮಟೆ ಶುರುವಾದೊಡನೆ ಕೈ ಎತ್ತಿ ತಡೆದರು. "ಇದೇನಪ್ಪಾ, ನಮ್ಮನೇಲೇನು ಗಣಪತಿ ಮೆರವಣಿಗೆನಾ? ನಮ್ಮ ಯಜಮಾನ್ರಿಗೆ ಕಣ್ಣು ಕಾಣಲ್ಲ, ದಿನಾ ವಾರ್ತೆ ಕೇಳ್ತಾರೆ. ಅದನ್ನ ಹಾಕು."

ಹಾಕಿದೆ. ವಾರ್ತೆ ಓದುವವರು ಬಿಂದಿಗೆಯೊಳಗೆ ಕೂತು ಮಾತಾಡಿದಂತೆ ಕೇಳಿಸಿತು.

"ಹೇಳೋ, ಎಷ್ಟು ಕ್ಲಿಯರ್ ಆಗಿದೆ ಅಲ್ವಾ?" ಎಂದು ಗಲ್ಲಾದಲ್ಲಿ ಕೂತಿದ್ದ ಓನರ್ ನನ್ನನ್ನು ಕೇಳಿದರು.

ನನಗೆ ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ. "ಇಲ್ಲ ಸಾರ್, ಮಾತು ಕೇಳೋಕೆ ಇದು ಆಗಲ್ಲ. ಆಂಟಿ, ಇದರಲ್ಲಿ ಬಟನ್ನೂ ಇಲ್ಲ, ಬರೀ ಟಚ್ಚು. ಅಂಕಲ್ ಎಲ್ಲಿ ಅಂತ ತಡಕಾಡ್ತಾರೆ?"

ಆಂಟಿ ಮೂಲೆಯಲ್ಲಿದ್ದ, ಗುಂಡಿ ತಿರುಗಿಸುವ ಪುಟ್ಟ ರೇಡಿಯೊ ಕೊಂಡು ಹೋದರು.

ಓನರ್ ನನ್ನತ್ತ ತಿರುಗಿದರು. "ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು ನನಗೇ ವ್ಯಾಪಾರ ಕಲಿಸ್ತೀಯಾ? ನಾಳೆಯಿಂದ ಬರಬೇಡ."

"ಎಂಟನೇ ಕ್ಲಾಸು, ಸಾರ್" ಎಂದು ತಿದ್ದಿದೆ. ಕೆಲಸವಂತೂ ಹೋಯಿತು, ಲೆಕ್ಕವಾದರೂ ಸರಿ ಇರಲಿ.

ನಾಳೆ ಬೆಳಗಿನ ಬಸ್ಸಿಗೆ ಹಾಸನದ ಮಾವನ ಗ್ಯಾರೇಜಿಗೆ ಕೆಲಸಕ್ಕೆ ಹೊರಡುತ್ತೇನೆ.